‘ತಾಂ’ ಇದ್ದ ಆಸ್ಪತ್ರೆಯ ದಾರಿಯಲ್ಲಿ

ಪ್ಯಾರಿಸ್‌ಗೆ ಹೋಗಿ ಬಂದೆನೆಂದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಐಫೆಲ್ ಗೋಪುರ ಹತ್ತಿದಿರಾ?’ ಹತ್ತಲಿಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡಿದೆ. ಮೊದಲ ಅಂತಸ್ತಿನ ಕೆಳಗೆ ನಾಲ್ಕೂ ಬದಿಗೆ ಫ್ರಾನ್ಸಿನ 72 ಮಂದಿ ವಿಜ್ಞಾನಿಗಳು, ಎಂಜಿನಿಯರುಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾರೆ. ಅವುಗಳಲ್ಲಿ ಒಂದು ಬ್ರೋಕಾ. ಆ ಹೆಸರಿನ ಜಾಡು ಹಿಡಿದು ನಾನು ಒಂದಿಡೀ ದಿನ ಆ ಊರಿನಲ್ಲಿ ಅಲೆದೆ. ಅಲ್ಲಿ ಓದುತ್ತಿರುವ ಮಗಳು, ‘ಅಪ್ಪಾ, ಪ್ಯಾರಿಸ್‌ಗೆ ಬಂದವರು ಆಸ್ಪತ್ರೆ ನೋಡಲು ಹೋಗುತ್ತಾರೆಯೇ?’ ಎಂದು ನಕ್ಕಳು.

ಆದರೆ ಆ ಹೆಸರು ನನಗೆ ಗೊತ್ತಾದದ್ದು ಪ್ಯಾರಿಸ್‌ನಲ್ಲಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ನನ್ನ ಸೋದರಮಾವನಿಂದಾಗಿ.

ಮಾವ ಹೊಳೆನರಸೀಪುರದ ಕಡೆಯವರು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ನನಗೆ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿಸಿದವರೂ ಅವರೇ. 2009ರ ಆಗಸ್ಟ್‌ನ ಒಂದು ಬೆಳಿಗ್ಗೆ ಎದ್ದಾಗ ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಮೇಲೇಳಲಿಲ್ಲ. ಅತ್ತೆ ಗಾಬರಿಯಿಂದ ಏನಾಯಿತೆಂದು ಕೇಳಿದರೆ ‘ನಾಳೆ’ ಎಂದರಂತೆ. ನೀರು ಬೇಕೇ ಎಂದರೂ ‘ನಾಳೆ’, ಕಾಫಿ ಬೇಕೇ ಎಂದರೂ ‘ನಾಳೆ’. ಗಾಳಿ ಸೋಕಿರಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ ಎಣ್ಣೆ ತಿಕ್ಕಿ ಅರ್ಧ ದಿನ ಕಳೆದ ಮೇಲೆ ಆಸ್ಪತ್ರೆಗೆ ಕರೆದೊಯ್ದರು. ಲಕ್ವ ಹೊಡೆದಿದೆ ಎಂದು ಅಲ್ಲಿ ತಿಳಿಯಿತು. ಜೀವ ಉಳಿಯಿತು, ಕಾಲು ಸ್ವಲ್ಪ ಸರಿಹೋಯಿತು. ಮಾತು ಮಾತ್ರ ‘ನಾಳೆ’ಯಲ್ಲೇ ನಿಂತಿತು.

ಮನೆಯವರೆಲ್ಲ ಒಂದು ತೀರ್ಮಾನಕ್ಕೆ ಬಂದೆವು: ಮೇಷ್ಟ್ರಿಗೆ ಬುದ್ಧಿ ಹೋಗಿದೆ. ಹಾಗೆಂದು ಅವರೆದುರಿಗೇ ಹೇಳಿಕೊಂಡೆವು. ಜಮೀನಿನ ಮಾತು, ಮದುವೆಯ ಮಾತು, ಕೊನೆಗೆ ‘ಇವರನ್ನು ಇನ್ನು ಎಷ್ಟು ದಿನ ನೋಡಿಕೊಳ್ಳುವುದು’ ಎಂಬ ಮಾತನ್ನೂ ಅವರ ಮಂಚದ ಪಕ್ಕದಲ್ಲೇ ಆಡಿದೆವು. ಆಡಿದವರಲ್ಲಿ ನಾನೂ ಒಬ್ಬ.

ಮುಂದಿನ ವರ್ಷ ಫೆಬ್ರವರಿ ಕಳೆಯುವ ಹೊತ್ತಿಗೆ ಮಾವ ಒಂದು ಹೊಸ ಹಟ ಹಿಡಿದರು. ಎಡಗೈಯ ಮೂರು ಬೆರಳು ತೋರಿಸುವುದು, ಬೀರುವಿನ ಕಡೆಗೆ ಕೈ ಮಾಡುವುದು, ‘ನಾಳೆ, ನಾಳೆ’ ಎನ್ನುವುದು. ಮೂರನೇ ಅರೆಯಿಂದ ಅಂಗಿ ತೆಗೆದುಕೊಟ್ಟೆವು. ತಳ್ಳಿಬಿಟ್ಟರು. ಮೂರು ಮಾತ್ರೆ ಕೊಡಬೇಕಿತ್ತೇ ಎಂದು ಚೀಟಿ ನೋಡಿದೆವು. ಕಡೆಗೆ ಸಿಟ್ಟು ನೆತ್ತಿಗೇರಿ, ಒಂದಕ್ಷರವೂ ತಡವರಿಸದೆ ‘ಹಾಳಾಗ್ ಹೋಗ!’ ಎಂದು ಬೈದರು. ಎಲ್ಲರೂ ಬೆಚ್ಚಿಬಿದ್ದೆವು. ‘ನೋಡಿದಿರಾ, ಬೇಕೆಂದಾಗ ಮಾತು ಬರುತ್ತೆ, ಉಳಿದದ್ದೆಲ್ಲ ನಾಟಕ’ ಎಂದರು ಒಬ್ಬರು. ಆ ಮೂರು ಬೆರಳಿನ ಅರ್ಥ ಏನಿತ್ತೆಂದು ಮುಂದೆ ಹೇಳುತ್ತೇನೆ. ಮೊದಲು ಪ್ಯಾರಿಸ್.

ಮುಚ್ಚಿದ ಬಾಗಿಲು

ನನಗೆ ಬರುವ ಫ್ರೆಂಚ್ ಮಾತು ಮೂರು: ನಮಸ್ಕಾರಕ್ಕೊಂದು, ವಂದನೆಗೊಂದು, ಕ್ಷಮಿಸಿ ಎನ್ನಲು ಇನ್ನೊಂದು. ಬೆಳಿಗ್ಗೆ ಬ್ರೆಡ್ ಅಂಗಡಿಯಲ್ಲಿ ಕೈಸನ್ನೆ ಮಾಡಿ ನಿಂತರೆ, ಅಂಗಡಿಯಾಕೆ ಎಳೆಮಗುವಿಗೆ ಹೇಳುವಂತೆ ನಿಧಾನವಾಗಿ, ಜೋರಾಗಿ ಬೆಲೆ ಹೇಳಿದಳು. ನನ್ನ ಕಿವಿ ಚೆನ್ನಾಗಿದೆ, ಲೆಕ್ಕವೂ ಬರುತ್ತದೆ ಎಂದು ಅವಳಿಗೆ ಹೇಳಬೇಕೆನಿಸಿತು, ಹೇಳಲು ಮಾತಿರಲಿಲ್ಲ. ನಾನೋ ಸಂಜೆ ಮಗಳ ಮನೆ ಸೇರಿದರೆ ಮತ್ತೆ ಕನ್ನಡದವನು. ಮಾವನಿಗೆ ಅವರ ಸ್ವಂತ ಮನೆಯೇ ಹಾಗಾಗಿತ್ತಲ್ಲ ಎಂದು ಆಗ ಹೊಳೆಯಿತು.

ಮೊದಲು ಓದೆಯಾನ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಹಳೆಯ ವೈದ್ಯಶಾಲೆಯ ಬೀದಿಗೆ ಹೋದೆ. ಅಲ್ಲಿ 15ನೆಯ ನಂಬರಿನ ಕಟ್ಟಡದಲ್ಲಿ ದ್ಯುಪ್ವಿತ್ರಾಂ ಮ್ಯೂಸಿಯಂ ಇತ್ತು. 1835ರಲ್ಲಿ ಆರಂಭವಾದ ಈ ಸಂಗ್ರಹದಲ್ಲಿ ರೋಗ ತಗುಲಿದ ಮೂಳೆ, ಅಂಗಾಂಗಗಳನ್ನು ಗಾಜಿನ ಜಾಡಿಗಳಲ್ಲಿ ಕಾಪಾಡಿದ್ದರು. 2016ರಲ್ಲಿ ಅದು ಮುಚ್ಚಿತು. ಸಂಗ್ರಹವನ್ನು ಜ್ಯೂಸಿಯೆ ಎಂಬಲ್ಲಿರುವ ವಿಶ್ವವಿದ್ಯಾಲಯದ ಆವರಣಕ್ಕೆ ಸಾಗಿಸಿದರು. ಅದು ಗೊತ್ತಿದ್ದೂ ಹೋಗಿದ್ದೆ. ಹತ್ತಿರದ ಸೇಂಟ್ ಜರ್ಮೇನ್ ರಸ್ತೆಯ ಬದಿಯಲ್ಲಿ ಒಂದು ಕಾಲದಲ್ಲಿ ಡಾಕ್ಟರ್ ಪಾಲ್ ಬ್ರೋಕಾನ ಕಂಚಿನ ಪ್ರತಿಮೆಯೂ ಇತ್ತಂತೆ. ಅದನ್ನು ಮಾಡಿದವನು ಪಾಲ್ ಶೊಪ್ಯಾಂ ಎಂಬ ಕಿವಿ ಕೇಳದ ಶಿಲ್ಪಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಅದನ್ನು ಕರಗಿಸಿಬಿಟ್ಟರು. ಪ್ರತಿಮೆಯೂ ಇಲ್ಲ, ಮ್ಯೂಸಿಯಮ್ಮೂ ಇಲ್ಲ. ಬೀದಿಯ ತುಂಬ ವಿದ್ಯಾರ್ಥಿಗಳಿದ್ದರು.

ಅಲ್ಲಿಂದ ಹತ್ತನೆಯ ಮಾರ್ಗದ ಮೆಟ್ರೊ ಹಿಡಿದರೆ ಜ್ಯೂಸಿಯೆ. ವಿಶ್ವವಿದ್ಯಾಲಯದ ಎತ್ತರದ ಕಟ್ಟಡಗಳ ಮುಂದೆ ನಿಂತೆ. ನನ್ನಂಥ ದಾರಿಹೋಕನಿಗೆ ಆ ಸಂಗ್ರಹದ ಬಾಗಿಲು ತೆರೆಯುವುದಿಲ್ಲ. ಒಳಗೆಲ್ಲೋ ಒಂದು ಜಾಡಿಯಲ್ಲಿ, 1861ರಲ್ಲಿ ಸತ್ತ ಒಬ್ಬ ಮನುಷ್ಯನ ಮಿದುಳು ಇದೆ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅಷ್ಟು ಹೆಸರಾದ ಮಿದುಳು ಅಪರೂಪ.

ಜ್ಯೂಸಿಯೆಯಲ್ಲೇ ಏಳನೆಯ ಮಾರ್ಗದ ಗಾಡಿಯೂ ನಿಲ್ಲುತ್ತದೆ. ಅದನ್ನು ಹತ್ತಿ ದಕ್ಷಿಣಕ್ಕೆ ಹೊರಟರೆ ಏಳನೆಯ ನಿಲ್ದಾಣ ಲೆ ಕ್ರೆಮ್ಲಿನ್-ಬಿಸೆತ್ರ್. ಆ ಮಿದುಳಿನ ಯಜಮಾನ ಇಪ್ಪತ್ತೊಂದು ವರ್ಷ ಬದುಕಿದ್ದು ಅಲ್ಲಿ.

ಇಪ್ಪತ್ತೊಂದು ವರ್ಷ, ಒಂದೇ ಮಾತು

ಪ್ಯಾರಿಸ್‌ನ ಅಂಚಿಗೆ ತಾಗಿದ ಈ ಪುಟ್ಟ ಪಟ್ಟಣದ ಹೆಸರಿನಲ್ಲೇ ಒಂದು ತಮಾಷೆಯಿದೆ. ಹಿಂದೆ ಇಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನ ಬಿಷಪ್ಪನ ಮನೆಯಿತ್ತು. ‘ವಿಂಚೆಸ್ಟರ್’ ಜನರ ಬಾಯಲ್ಲಿ ಸವೆದು ಸವೆದು ‘ಬಿಸೆತ್ರ್’ ಆಯಿತು. ನೆಪೋಲಿಯನ್ನನ ಜೊತೆ ರಷ್ಯಾಕ್ಕೆ ಹೋಗಿ ಬಂದ ಮುದಿ ಸಿಪಾಯಿಗಳು ಕೂಡುತ್ತಿದ್ದ ಹೆಂಡದಂಗಡಿಯೊಂದರ ಹೆಸರಿನಿಂದ ‘ಕ್ರೆಮ್ಲಿನ್’ ಅಂಟಿಕೊಂಡಿತು.

ಆಸ್ಪತ್ರೆ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಹದಿನೇಳನೆಯ ಶತಮಾನದಲ್ಲಿ ಗಾಯಗೊಂಡ ಸೈನಿಕರಿಗೆಂದು ಕಟ್ಟತೊಡಗಿದ್ದು, ಆಮೇಲೆ ಅನಾಥಾಲಯ, ಹುಚ್ಚಾಸ್ಪತ್ರೆ, ಸೆರೆಮನೆ ಎಲ್ಲವೂ ಆಯಿತು. ದಿಕ್ಕಿಲ್ಲದವರನ್ನೆಲ್ಲ ತಂದು ತುಂಬುವ ಜಾಗ. ಹುಚ್ಚರೆನಿಸಿಕೊಂಡವರನ್ನು ಸರಪಳಿಯಿಂದ ಬಿಡಿಸಿದ ಕೆಲಸ 1790ರ ದಶಕದಲ್ಲಿ ನಡೆದದ್ದೂ ಇಲ್ಲಿಯೇ. ಇಂದು ಅದು ಸಾವಿರಾರು ಜನ ಬಂದುಹೋಗುವ ದೊಡ್ಡ ಬೋಧನಾ ಆಸ್ಪತ್ರೆ. ಆಂಬುಲೆನ್ಸುಗಳು, ಹೂ ಹಿಡಿದ ನೆಂಟರು, ಬೆಂಚಿನ ಮೇಲೆ ಮೊಬೈಲ್ ನೋಡುತ್ತ ಕೂತವರು. ಹಳೆಯ ಕಲ್ಲಿನ ಕಟ್ಟಡಗಳು ಇನ್ನೂ ನಿಂತಿವೆ.

1840ರಲ್ಲಿ ಇಲ್ಲಿಗೆ ಸುಮಾರು ಮೂವತ್ತು ವರ್ಷದ ಒಬ್ಬನನ್ನು ಸೇರಿಸಿದರು. ಹೆಸರು ಲೂಯಿ ವಿಕ್ಟರ್ ಲೆಬೋರ್ನ್. ಚಿಕ್ಕಂದಿನಿಂದ ಮೂರ್ಛೆರೋಗ. ಬೂಟು ಹೊಲಿಯುವವರಿಗೆ ಬೇಕಾದ ಮರದ ಅಚ್ಚು ಕೆತ್ತುವುದು ಅವನ ಕಸುಬು. ಆಸ್ಪತ್ರೆಗೆ ಬರುವ ಎರಡು ಮೂರು ತಿಂಗಳು ಮೊದಲು ಮಾತು ನಿಂತಿತ್ತು. ಏನು ಕೇಳಿದರೂ ‘ತಾಂ, ತಾಂ’ ಎನ್ನುತ್ತಿದ್ದ. ಆಸ್ಪತ್ರೆಯವರು ಅವನಿಗೆ ‘ತಾಂ’ ಎಂದೇ ಹೆಸರಿಟ್ಟರು. ಕೆಲವು ವರ್ಷಗಳ ಮೇಲೆ ಬಲಗೈ ಬಿತ್ತು, ಆಮೇಲೆ ಬಲಗಾಲು. 1861ರ ಏಪ್ರಿಲ್‌ನಲ್ಲಿ ಆ ಕಾಲು ಕೊಳೆಯಲು ಶುರುವಾದಾಗ ಅವನನ್ನು ಶಸ್ತ್ರಚಿಕಿತ್ಸೆಯ ವಾರ್ಡಿಗೆ ತಂದರು. ಅಲ್ಲಿದ್ದವನು ಬ್ರೋಕಾ, ಆಗ 36 ವರ್ಷದವನು.

ಆ ದಿನಗಳಲ್ಲಿ ಪ್ಯಾರಿಸ್‌ನ ವಿದ್ವಾಂಸರಲ್ಲಿ ಒಂದು ಜಗಳ ನಡೆದಿತ್ತು. ಮಾತಿಗೆ ಮಿದುಳಿನಲ್ಲಿ ಒಂದು ನಿಶ್ಚಿತ ಜಾಗ ಇದೆಯೇ, ಇಲ್ಲವೇ? ಒಬೆರ್ತ್ಯಾಂ ಎಂಬ ವೈದ್ಯ ಮಾತಿನ ಜಾಗ ಹಣೆಯ ಹಿಂದಿದೆ ಎಂದು ವಾದಿಸುತ್ತಿದ್ದ. ಬ್ರೋಕಾ ಅವನನ್ನು ಕರೆದು ತಾಂನನ್ನು ತೋರಿಸಿದ. ತಾನೂ ರೋಗಿಯನ್ನು ತಾಳ್ಮೆಯಿಂದ ಪರೀಕ್ಷಿಸಿದ. ನಾಲಗೆ ಆಡುತ್ತದೆ, ಗಂಟಲು ಸರಿಯಿದೆ, ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ. ಗಡಿಯಾರ ತೋರಿಸಿದರೆ ಗಂಟೆ ಎಷ್ಟೆಂದು ಬೆರಳಿನಿಂದ ಹೇಳುತ್ತಾನೆ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದಾಗ, ಎಡಗೈಯ ಐದೂ ಬೆರಳನ್ನು ನಾಲ್ಕು ಸಲ ಬಿಡಿಸಿ, ಆಮೇಲೆ ಒಂದೇ ಬೆರಳು ತೋರಿಸಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಯಾರಿಗೂ ಅರ್ಥವಾಗದೆ ಸಿಟ್ಟು ಬಂದಾಗ ಮಾತ್ರ ದೇವರ ಹೆಸರಿನಲ್ಲಿ ಒಂದು ಬೈಗುಳ ಬಾಯಿಂದ ಸಿಡಿಯುತ್ತಿತ್ತು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋಗಿದ್ದೆ.

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡ. ಮರುದಿನವೇ ಬ್ರೋಕಾ ಅವನ ಮಿದುಳನ್ನು ಪ್ಯಾರಿಸ್‌ನ ಮಾನವಶಾಸ್ತ್ರ ಸಂಘದ ಸಭೆಯ ಮುಂದಿಟ್ಟ. ಎಡಭಾಗದಲ್ಲಿ, ಹಣೆಯ ಹಿಂದೆ, ಕೋಳಿಮೊಟ್ಟೆಯಷ್ಟು ಜಾಗ ಹಾಳಾಗಿತ್ತು. ಅದೇ ವರ್ಷ ಲೆಲಾಂಗ್ ಎಂಬ 84ರ ಮುದುಕ ಬಂದ. ಅವನಿಗೆ ಉಳಿದಿದ್ದದ್ದು ಐದು ಮಾತು. ಅವನ ಮಿದುಳಿನಲ್ಲೂ ಗಾಯ ಅದೇ ಜಾಗದಲ್ಲಿತ್ತು. ಇಂಥ ಹಲವು ರೋಗಿಗಳನ್ನು ನೋಡಿದ ಮೇಲೆ, ನಾವು ಮಾತಾಡುವುದು ಮಿದುಳಿನ ಎಡ ಅರ್ಧದಿಂದ ಎಂದು 1865ರಲ್ಲಿ ಬ್ರೋಕಾ ಬರೆದ. ಮಾರ್ಕ್ ದಾಕ್ಸ್ ಎಂಬ ವೈದ್ಯ ಇದನ್ನೇ 1836ರಲ್ಲಿ ಬರೆದಿದ್ದನೆಂದು ಅವನ ಮಗ ವಾದ ಹೂಡಿದ್ದೂ ಉಂಟು. ಮಾತು ಹೋಗುವ ಈ ತೊಂದರೆಗೆ 1864ರಲ್ಲಿ ತ್ರುಸ್ಸೊ ಎಂಬ ವೈದ್ಯ ಇಟ್ಟ ‘ಅಫೇಸಿಯಾ’ ಎಂಬ ಹೆಸರು ಇಂದಿಗೂ ನಿಂತಿದೆ.

ಬ್ರೋಕಾ ಆ ಮಿದುಳನ್ನು ಕತ್ತರಿಸದೆ ಇಡಿಯಾಗಿ ಕಾಪಾಡಿದ್ದು ದೊಡ್ಡ ಉಪಕಾರವಾಯಿತು. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಎರಡೂ ಮಿದುಳುಗಳ ಎಂ.ಆರ್.ಐ. ಚಿತ್ರಗಳನ್ನು ಪ್ರಕಟಿಸಿದರು. ಗಾಯ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ, ಮಿದುಳಿನ ಭಾಗಗಳನ್ನು ಜೋಡಿಸುವ ನರತಂತುಗಳವರೆಗೂ ಹಬ್ಬಿತ್ತು. ಮಾತು ಒಂದು ಗೂಡಿನಲ್ಲಿ ಕೂತ ಹಕ್ಕಿಯಲ್ಲ, ಹಲವು ಊರುಗಳ ನಡುವಿನ ಸಂಚಾರ ಎಂದು ಈಗಿನ ತಿಳಿವಳಿಕೆ. ರಸ್ತೆ ಕಡಿದರೂ ಸಂಚಾರ ನಿಲ್ಲುತ್ತದೆ.

ಮಿದುಳು ಇಷ್ಟು ಹೆಸರಾದರೂ ಮನುಷ್ಯ ಯಾರೆಂದು 150 ವರ್ಷ ಗೊತ್ತಿರಲಿಲ್ಲ. ದಿಕ್ಕಿಲ್ಲದ ಅನಕ್ಷರಸ್ಥನಿರಬೇಕು ಎಂದುಕೊಂಡವರೇ ಹೆಚ್ಚು. 2013ರಲ್ಲಿ ಸೆಜರಿ ಡೊಮಾನ್ಸ್ಕಿ ಎಂಬ ಪೋಲೆಂಡಿನ ಇತಿಹಾಸಕಾರ ಹಳೆಯ ಕಡತಗಳನ್ನು ತಡಕಿ ಬರೆದ: ಅವನು 1809ರಲ್ಲಿ ಮೊರೆ ಎಂಬ ಹೊಳೆದಂಡೆಯ ಊರಿನಲ್ಲಿ ಹುಟ್ಟಿದವನು, ತಂದೆ ಶಾಲಾ ಮೇಷ್ಟ್ರು. ಆ ಊರಿನಲ್ಲಿ ಚರ್ಮ ಹದಮಾಡುವ ಮರದ ತೊಗಟೆಯನ್ನು ಪುಡಿ ಮಾಡುವ ಗಿರಣಿಗಳಿದ್ದವು. ಆ ಪುಡಿಗೆ ಫ್ರೆಂಚಿನಲ್ಲಿ ‘ತಾಂ’ ಎಂದೇ ಹೆಸರು. ಹುಟ್ಟೂರಿನ ಆ ಮಾತೇ ಅವನ ಬಾಯಲ್ಲಿ ಉಳಿಯಿತೇ? ಅದು ಡೊಮಾನ್ಸ್ಕಿಯ ಊಹೆ ಮಾತ್ರ.

ನಾನು ಅಂಗಳದಲ್ಲಿ ಸುಮಾರು ಹೊತ್ತು ಸುತ್ತಾಡಿದೆ. ಲೆಬೋರ್ನ್‌ನ ಹೆಸರಿನ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ಬೆಂಚಿನ ಮೇಲೆ ಕೂತು ಮಗಳು ಕಟ್ಟಿಕೊಟ್ಟ ಚಪಾತಿ ತಿಂದೆ.

ಮೈಸೂರಿನ ಆ ಮಧ್ಯಾಹ್ನ

ಈಗ ಮೂರು ಬೆರಳಿನ ವಿಷಯ. 2010ರ ಏಪ್ರಿಲ್‌ನಲ್ಲಿ, ಯಾರೋ ಪರಿಚಯದವರು ಒತ್ತಾಯಿಸಿದ್ದರಿಂದ, ಮಾವನನ್ನು ರೈಲಿನಲ್ಲಿ ಮೈಸೂರಿಗೆ ಕರೆದೊಯ್ದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮಾನಸಗಂಗೋತ್ರಿಯ ಮರಗಳ ನಡುವೆ. 1965ರಲ್ಲಿ ಆರಂಭವಾದ ಸಂಸ್ಥೆ. ದೇಶದ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ಕಿವಿ ಕೇಳದ ಮಕ್ಕಳು, ತೊದಲುವ ಹುಡುಗರು, ಮಾವನಂಥವರು.

ಅಲ್ಲಿಯ ವಾಕ್ ಚಿಕಿತ್ಸಕಿ ನನ್ನನ್ನು ಮಾತಾಡಿಸಲಿಲ್ಲ; ಮಾವನೆದುರು ಕೂತು ‘ಮೇಷ್ಟ್ರೇ, ನಮಸ್ಕಾರ’ ಎಂದರು. ಒಂದರಿಂದ ಹತ್ತು ಎಣಿಸಲು ಹೇಳಿದರು. ತಾವೇ ‘ಒಂದು, ಎರಡು’ ಎಂದು ಶುರುಮಾಡಿದ್ದೇ ತಡ, ಮಾವ ಹತ್ತರವರೆಗೂ ಹೇಳಿಬಿಟ್ಟರು. ಎರಡರ ಮಗ್ಗಿಯನ್ನೂ ಹೇಳಿದರು. ಆದರೆ ಲೋಟ ತೋರಿಸಿ ಇದೇನೆಂದರೆ ‘ನಾಳೆ’. ನನ್ನ ಕಣ್ಣಲ್ಲಿ ನೀರು ಬಂತು. ಆಕೆ ವಿವರಿಸಿದರು: ಬಾಯಿಪಾಠವಾದದ್ದು, ಹಾಡು, ಪ್ರಾರ್ಥನೆ, ಬೈಗುಳ ಇವು ತಾವಾಗಿ ಹೊರಡುವ ಮಾತುಗಳು. ಬೇಕಾದ ಮಾತನ್ನು ಆರಿಸಿ, ಜೋಡಿಸಿ ಆಡುವ ದಾರಿ ಬೇರೆ. ಗಾಯವಾಗಿರುವುದು ಆ ದಾರಿಗೆ. ಆದ್ದರಿಂದ ಬೈದವರಿಗೆಲ್ಲ ಮಾತು ಬರುತ್ತದೆಂದು ತಿಳಿಯಬಾರದು.

ಮನೆಯಲ್ಲಿ ಇವರು ಕೇಳಿ ನಿಮಗೆ ಅರ್ಥವಾಗದ್ದು ಏನಾದರೂ ಇದೆಯೇ ಎಂದು ಆಕೆ ಕೇಳಿದರು. ಮೂರು ಬೆರಳಿನ ಕಥೆ ಹೇಳಿದೆ. ಆಕೆ ಮಾವನ ಕಡೆ ತಿರುಗಿದರು. ಮನುಷ್ಯರ ವಿಷಯವೇ? ಅಲ್ಲ. ವಸ್ತುವೇ? ಅಲ್ಲ. ದುಡ್ಡೇ? ಮಾವ ಎಡಗೈಯಿಂದ ಮೇಜು ಬಡಿದರು. ಬ್ಯಾಂಕೇ? ಮತ್ತೆ ಬಡಿದರು. ಹಿಂದಿನ ವರ್ಷದ ಕ್ಯಾಲೆಂಡರ್ ಮುಂದಿಟ್ಟಾಗ ಹಾಳೆ ತಿರುವಿ ನವೆಂಬರ್ ಮೇಲೆ ಬೆರಳಿಟ್ಟರು. ಆಗ ನನಗೆ ತಲೆಗೆ ಹೊಳೆಯಿತು. ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕು. ಯಾರೂ ಕೊಟ್ಟಿರಲಿಲ್ಲ. ಡಿಸೆಂಬರ್, ಜನವರಿ, ಫೆಬ್ರವರಿ, ಮೂರು ತಿಂಗಳ ಪಿಂಚಣಿ ಬಂದಿರಲಿಲ್ಲ. ಪಾಸ್‌ಬುಕ್ಕು ಇದ್ದದ್ದು ಬೀರುವಿನಲ್ಲಿ. ಮನೆಯಲ್ಲಿ ಬುದ್ಧಿ ನೆಟ್ಟಗಿದ್ದವರಿಗೆ ಯಾರಿಗೂ ಹೊಳೆಯದ್ದು, ಬುದ್ಧಿ ಹೋಗಿದೆ ಎಂದು ನಾವು ಹೇಳಿದವರಿಗೆ ಹೊಳೆದಿತ್ತು.

ಓದುಗರ ಮನೆಗೆ

ಆಕೆ ಹೇಳಿದ್ದನ್ನು ನಿಮಗೂ ತಿಳಿಸಬೇಕು. ಅಫೇಸಿಯಾ ಹೆಚ್ಚಾಗಿ ಬರುವುದು ಲಕ್ವದಿಂದ: ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ. ಮಿದುಳಿನ ಗೆಡ್ಡೆ, ಸೋಂಕು, ತಲೆಗೆ ಬಿದ್ದ ಪೆಟ್ಟು ಕೂಡ ಕಾರಣ. ಆದ್ದರಿಂದ ಇದು ಮುದುಕರಿಗಷ್ಟೇ ಬರುವ ತೊಂದರೆಯಲ್ಲ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಮಾತು ಕಳೆದುಕೊಂಡ ಕಾಲೇಜು ಹುಡುಗರೂ ಆ ದಿನ ಅಲ್ಲಿದ್ದರು.

ಎಲ್ಲರದೂ ಒಂದೇ ಬಗೆಯಲ್ಲ. ಮಾವನಂಥವರಿಗೆ ಮಾತು ಹೊರಡುವುದೇ ಕಷ್ಟ. ಹೊರಟರೂ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಉದುರುತ್ತವೆ, ಇಲ್ಲವೇ ಅದಲು ಬದಲಾಗುತ್ತವೆ. ಇನ್ನು ಕೆಲವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಅದರಲ್ಲಿ ಅರ್ಥವಿರುವುದಿಲ್ಲ, ಇತರರ ಮಾತೂ ತಿಳಿಯುವುದಿಲ್ಲ. ಇದನ್ನು 1874ರಲ್ಲಿ ವಿವರಿಸಿದವನು ಕಾರ್ಲ್ ವೆರ್ನಿಕೆ, 26ರ ತರುಣ. ತಾವೇ ಬರೆದದ್ದನ್ನು ಓದಲಾರದವರೂ ಇದ್ದಾರೆ. ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ಅಂಥ ಒಬ್ಬ ರೋಗಿಯ ಕುರಿತು ಪ್ರತಿಭಾ ಕಾರಂತರು 1981ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊಡರಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು; ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ಮಾತಿನ ಚೇತರಿಕೆಯೂ ಮೊದಲ ಕೆಲವು ತಿಂಗಳಲ್ಲಿ ಹೆಚ್ಚು ಬಿರುಸು. ನಾವು ಎಂಟು ತಿಂಗಳು ಕಳೆದಿದ್ದೆವು. ಆಮೇಲೂ ಚೇತರಿಕೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಎಂದು ಆಕೆ ಧೈರ್ಯ ಹೇಳಿದರು.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಎದುರು ಕೂತು, ಟಿ.ವಿ. ಆರಿಸಿ, ಮನೆಮಾತಿನಲ್ಲೇ ಚಿಕ್ಕ ವಾಕ್ಯಗಳಲ್ಲಿ ಕೇಳಿ. ಕಿರುಚಬೇಡಿ. ಉತ್ತರಕ್ಕೆ ಕಾಯಿರಿ, ಅವರ ಮಾತನ್ನು ನೀವೇ ಮುಗಿಸಬೇಡಿ. ಹೌದು, ಅಲ್ಲ ಎನ್ನುವಂಥ ಪ್ರಶ್ನೆ ಹಾಕಿ. ಆದರೆ ಅವರ ಹೌದು, ಅಲ್ಲವೂ ತಪ್ಪಬಹುದು, ಅದಕ್ಕೆ ಇನ್ನೊಂದು ಬಗೆಯಲ್ಲಿ ಮತ್ತೊಮ್ಮೆ ಕೇಳಿ. ಚಿತ್ರ, ಕ್ಯಾಲೆಂಡರ್, ಕಾಗದ, ಪೆನ್ಸಿಲು ಹತ್ತಿರವಿರಲಿ. ಅವರೆದುರು ಅವರ ಬಗ್ಗೆ, ಅವರಿಲ್ಲದಂತೆ ಮಾತಾಡಬೇಡಿ.

ವಿಜ್ಞಾನ ಓದುತ್ತಿರುವ ಮಕ್ಕಳಿಗೊಂದು ಮಾತು. ಡಾಕ್ಟರ್, ಎಂಜಿನಿಯರ್ ಎರಡೇ ದಾರಿ ಎಂದು ಕೂತಿರುವ ತಂದೆ ತಾಯಂದಿರಿಗೂ. ಪಿ.ಯು.ಸಿ. ಆದ ಮೇಲೆ ವಾಕ್ ಮತ್ತು ಶ್ರವಣ ವಿಷಯದಲ್ಲಿ ನಾಲ್ಕು ವರ್ಷದ ಪದವಿ ಇದೆ, ಮೈಸೂರಿನಲ್ಲೂ ಇದೆ. ಕನ್ನಡ ಚೆನ್ನಾಗಿ ಬಲ್ಲವರು ಅಲ್ಲಿಗೆ ಬೇಕು. ಹಳ್ಳಿಯ ಮೇಷ್ಟ್ರ ಮಾತನ್ನು ಇಂಗ್ಲಿಷಿನಲ್ಲಿ ಹುಡುಕಲಾಗುವುದಿಲ್ಲ.

ಚಿಕಿತ್ಸಕಿ ಅತ್ತೆಗೆ ಒಂದು ನೋಟ್‌ಬುಕ್ ಇಡಲು ಹೇಳಿದ್ದರು. ಮಾವನಿಗೆ ಹೊಸದಾಗಿ ಬಂದ ಒಂದೊಂದು ಮಾತನ್ನೂ ಅತ್ತೆ ಅದರಲ್ಲಿ ನಂಬರು ಹಾಕಿ ಬರೆದರು. ಮೊದಲನೆಯದು ‘ನೀರು’. ನನ್ನ ಹೆಸರು 87ನೆಯದು. ಎಂಟು ತಿಂಗಳು ತಡಮಾಡಿದವನಿಗೆ ಅಷ್ಟು ಹಿಂದಿನ ಜಾಗ ಸಿಕ್ಕಿದ್ದು ನ್ಯಾಯವೇ. 2018ರಲ್ಲಿ ಮಾವ ತೀರಿಕೊಂಡಾಗ ಆ ಪಟ್ಟಿಯಲ್ಲಿ ನೂರಾ ಹನ್ನೆರಡು ಮಾತುಗಳಿದ್ದವು. ಅಷ್ಟೂ ವರ್ಷ, ರಾಜ್ಯೋತ್ಸವದ ಮರುದಿನ ಬೆಳಿಗ್ಗೆ ಅವರು ಸ್ನಾನ ಮುಗಿಸಿ, ಬಿಳಿ ಪಂಚೆ ಉಟ್ಟು, ಪಾಸ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು, ಬ್ಯಾಂಕಿಗೆ ಕರೆದೊಯ್ಯಲು ಯಾರು ಬರುತ್ತಾರೋ ಎಂದು ದಾರಿ ನೋಡುತ್ತ.